'ಬರ್ತೇನಿ' ಎಂದು ಹೋದದ್ದು

ಖಾನಾಪುರದ ದಿಗಂಬರ ಮಾಸ್ತರರ ಎದುರು 'ಹೋಗತೇನಿ' ಎಂದು ಎದ್ದವರು ಮತ್ತೆ ಕುಳಿತುಕೊಳ್ಳಲೇಬೇಕಿತ್ತು. 'ಬರ್ತೇನಿ ಅನ್ರಿ, ಆಮ್ಯಾಲ ಏಳ್ರಿ' ಎಂದು ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ನಮ್ಮ ಕಡೆ ಎಲ್ಲರೂ ಹಾಗೆಯೇ ಅನ್ನುವುದು, ಖರೆ. ಆದರೆ ರೈಲು ದೇಸೂರಿನ ನಿಲ್ದಾಣ ಬಿಟ್ಟು ಹೋದರೂ 'ಗಾಡಿ ಬರ್ತದ' ಎನ್ನುವಷ್ಟು ಹಟ ಇನ್ನಾರಿಗೂ ಇರಲಿಲ್ಲ.

ಬೆಳಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರದು ಮುಂದಕ್ಕೆ ಬಾಗಿದ, ಯಾರನ್ನೋ ಎದುರುಗೊಳ್ಳಲು ಹೊರಟಂತಹ ನಡಿಗೆ. ವೈಶಾಖದಲ್ಲೂ ಬಿಚ್ಚದ ಕರಿಯ ಕೋಟು, ಅದರ ಜೇಬಿನ ತುಂಬ ಸೀಮೆಸುಣ್ಣದ ಪುಡಿ. ಹೆಂಡತಿ ಸುಹಾಸಿನಿ ೧೯೭೬ರಲ್ಲಿ ಆಸ್ಪತ್ರೆಗೆ ಹೊರಡುವಾಗ 'ಬರ್ತೇನಿ' ಎಂದಿದ್ದರು, ಬರಲಿಲ್ಲ. ಮನೆಯಲ್ಲುಳಿದ ಅವರ ಚಪ್ಪಲಿ ಜೋಡು ಮಾತ್ರ, ಈಗಷ್ಟೇ ಬಂದವರು ಬಿಟ್ಟಂತೆ, ಹೊಸ್ತಿಲಾಚೆ ಮನೆಯೊಳಕ್ಕೆ ಮುಖ ಮಾಡಿಕೊಂಡು ಇತ್ತು. ಅದನ್ನು ಸರಿಸಲು ಯಾರಿಗೂ ಧೈರ್ಯವಾಗಲಿಲ್ಲ.

ಮಾಸ್ತರರ ಜೀವವೆಲ್ಲ ಒಂದು ಕುಬ್ಜ ಗೆಲಾಕ್ಸಿಯ ಮೇಲೆ. ನಮ್ಮ ಆಕಾಶಗಂಗೆಯ ಮುಂದೆ ಅದು ಚಿಕ್ಕ ಸಂಸಾರ; ಅನಿಲ ಇರುವಷ್ಟು ಕಾಲ ಅಲ್ಲಿ ನಕ್ಷತ್ರಗಳು ಹುಟ್ಟುತ್ತವೆ, ಅದು ತೀರಿದರೆ ಹುಟ್ಟು ನಿಂತಿತು. ಅನಿಲ ಒಳಕ್ಕೆ ಬರುತ್ತಲೇ ಇದೆ, ಆ ಮನೆ ಎಂದಿಗೂ ಬರಿದಾಗದು ಎಂಬುದು ಅವರ ಪ್ರತಿಪಾದನೆ. ದೂರದ ವೀಕ್ಷಣಾಲಯದ ಗೆಳೆಯರೊಬ್ಬರು ಕಳಿಸಿದ ಬೆಳಕಿನ ಪಟ್ಟಿಗಳಲ್ಲಿ ಗೆರೆಗಳು ಸರಿದದ್ದನ್ನು ನೋಡಿ, ಅನಿಲ ಎತ್ತ ಚಲಿಸುತ್ತಿದೆಯೆಂದು ಅವರು ಹೇಳುತ್ತ ಹೋದರು. ಅವರ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನ ಅಧ್ಯಾಪಕಿ ಜೋಹರಾ ಚಿತ್ರ ಬರೆಯುತ್ತ ಹೋದಳು. 'ನಕ್ಷತ್ರದ ಈಚಿ ಬಾಜು ಅನಿಲ, ಬರ್ತದ' ಎಂದಲ್ಲೆಲ್ಲ ಬಾಣವನ್ನು ಗೆಲಾಕ್ಸಿಯೊಳಕ್ಕೆ ತಿರುಗಿಸಿದಳು. ಬರುವುದೆಂದರೆ ಮನೆಗೆ ಬರುವುದು. ಮಾಸ್ತರರ ಸಹವಾಸದಲ್ಲಿ ಆ ಮಾತಿಗೆ ಬೇರೆ ಅರ್ಥವೇ ಉಳಿದಿರಲಿಲ್ಲ.

ಬೆಳಗಾವಿಯ ವಿದ್ವತ್ಸಭೆಯಲ್ಲಿ ಮಾಸ್ತರರು ಪ್ರಬಂಧ ಓದಬೇಕಿದ್ದ ದಿನದ ಹಿಂದಿನ ಸಂಜೆ, ೧೯೮೪ರಲ್ಲಿ, ರೈಲಿನ ಹೊತ್ತಾಯಿತೆಂದು ಜೋಹರಾ ಖಾನಾಪುರದ ಆ ಮನೆಯಿಂದ ಎದ್ದಳು. 'ಬರ್ತೇನ್ರಿ ಸರ್' ಎಂದು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದವಳು ತನ್ನ ಕಾಲು ನೋಡಿಕೊಂಡಳು. ಬಾಯಲ್ಲಿ ಬರುವ ಮಾತು. ಕಾಲು ಬೀದಿಯ ಕಡೆಗೆ.

'ಸರ್, ಅನಿಲ ಬರ್ತದ ಅಂದ್ರಲ್ಲ, ಯಾರ ಕಡಿ?'

'ಮತ್ತ್ಯಾರ ಕಡಿ? ನಮ್ಮ ಕಡಿ, ಭೂಮಿ ಕಡಿ.'

'ನಾವು ಹೊರಗ ಅದೀವ್ರಿ ಸರ್. ಈಚಿ ಬಾಜಿನ ಅನಿಲ ನಮ್ಮ ಕಡಿ ಬರ್ತದಂದ್ರ, ಅದು ತನ್ನ ಮನಿ ಬಿಟ್ಟು ಹೊಂಟೈತಿ.'

ಮಾಸ್ತರರಿಗೆ ಹೊಳೆಯಿತು: ಹುಟ್ಟಿದ ನಕ್ಷತ್ರಗಳೇ ತಮ್ಮ ಬಿರುಗಾಳಿಯಿಂದ ಅನಿಲವನ್ನು ಹೊರದಬ್ಬುತ್ತಿವೆ, ಹಿಡಿದಿಡುವಷ್ಟು ಸೆಳೆತ ಆ ಚಿಕ್ಕ ಗೆಲಾಕ್ಸಿಗಿಲ್ಲ. ಅವರು ರಬ್ಬರು ತೆಗೆದುಕೊಂಡು ಒಂದೊಂದೇ ಬಾಣವನ್ನು ಅಳಿಸತೊಡಗಿದರು. ಅದನ್ನು ನೋಡುತ್ತ ನಿಲ್ಲಲು ಜೋಹರಾಳಿಂದ ಆಗಲಿಲ್ಲ.

ಮರುದಿನ ಸಭೆಯಲ್ಲಿ ಅವರ ಮೊದಲ ವಾಕ್ಯವೇ 'ಅನಿಲ ಹೋಗುತ್ತಿದೆ' ಎಂಬುದಾಗಿತ್ತು. ಅವರ ಬಾಯಿಂದ ಆ ಕ್ರಿಯಾಪದ ಕೇಳಿ ಸಹೋದ್ಯೋಗಿಗಳು ಬೆಚ್ಚಿಬಿದ್ದರು. ವಾರದ ಮೇಲೆ ಖಾನಾಪುರಕ್ಕೆ ಹೋದ ಜೋಹರಾ ಅದಕ್ಕಿಂತ ಹೆಚ್ಚು ಬೆಚ್ಚಿದಳು: ಸುಹಾಸಿನಿಯವರ ಚಪ್ಪಲಿಗಳು ಬೀದಿಗೆ ಮುಖ ಮಾಡಿದ್ದವು.

'ಬರ್ತೇನಿ' ಎಂಬ ಮಾತನ್ನು ನಂಬಿ ಬಾಗಿಲು ಕಾಯುವವರನ್ನು ಕಂಡು ಲೋಕ ಭೋಳೆಯವರೆಂದು ನಗುತ್ತದೆ. ನಗಲಿ. ಹೋದವರು ಹೋದರೆಂದು ಒಪ್ಪುವ ದಿನ ಆ ಮಾತಿನ ಪೂರ್ತಿ ಭಾರ ಹೊರುವವರು ಅವರೇ. ಮಿಕ್ಕ ನಮಗೆಲ್ಲ ಅದು ಬರಿಯ ವ್ಯಾಕರಣ.