ಅಮಸಿದ್ದನ ಜೀಪಿಗೆ ಟರ್ಬೊ ಇಂಜಿನ್

ನನ್ನ ತಮ್ಮ ಅಮಸಿದ್ದಪ್ಪನ ಹತ್ತಿರ ಒಂದು ಹಳೆಯ ಜೀಪಿದೆ. ಆಣೆಕಟ್ಟಿನ ಕೆಲಸಕ್ಕೆ ಓಡಾಡಿ ದಣಿದದ್ದನ್ನು ಸರಕಾರದ ಹರಾಜಿನಲ್ಲಿ ಹಿಡಿದಿದ್ದ. ಅದರಲ್ಲಿ ಮನುಷ್ಯರು ಕೂರುವುದು ಕಡಿಮೆ. ಕುರಿ ಹಿಂಡು ಮೇಯಲು ಊರು ಬಿಟ್ಟು ಹೊರಟಾಗ ನಡೆಯಲಾರದ ಎಳೆಮರಿಗಳು, ಬಲೆ, ಗೂಟ, ಹಿಟ್ಟಿನ ಚೀಲ, ಕಂಬಳಿ ಎಲ್ಲವೂ ಅದರಲ್ಲಿ ಹೋಗುತ್ತವೆ. ನಮ್ಮ ಅಪ್ಪನ ಕಾಲದಲ್ಲಿ ಈ ಕೆಲಸಕ್ಕೆ ಒಂದು ಕುದುರೆ ಇತ್ತು.

ಹಿನ್ನೀರು ಏರಿದ ಮೇಲೆ ಹೊಳೆದಂಡೆಯ ಹಾದಿ ಮುಳುಗಿತು. ಬೀಳಗಿ ಕಡೆಯಿಂದ ಮುಧೋಳ ಸೀಮೆಯ ಕಬ್ಬು ಕಡಿದ ಹೊಲಗಳಿಗೆ ಹೋಗಬೇಕಾದರೆ ಈಗ ಗುಡ್ಡ ಹತ್ತಲೇಬೇಕು. ಅಷ್ಟು ವರ್ಷ ಹೇಗೋ ಹತ್ತುತ್ತಿದ್ದ ಜೀಪು 2008ರ ಶಿವರಾತ್ರಿಯ ಮರುವಾರ ಆ ಏರಿನ ನಡುವೆ ಹೊಗೆಯುಗುಳಿ ನಿಂತುಬಿಟ್ಟಿತು. ಅರ್ಧ ಮರಿಗಳನ್ನು ಕೆಳಗಿಳಿಸಿ, ಉಳಿದವನ್ನು ಮೇಲೆ ಮುಟ್ಟಿಸಿ ಬರುವಷ್ಟರಲ್ಲಿ ಬಿಸಿಲಿಗೆ ಮೂರು ಮರಿ ಸತ್ತಿದ್ದವು. ಅಮಸಿದ್ದ ತಾನೇ ಕುಣಿ ತೋಡಿ ಅವನ್ನು ಮಣ್ಣು ಮಾಡಿದ. ಎಂಟು ದಿನ ಸರಿಯಾಗಿ ಉಣ್ಣಲಿಲ್ಲ.

ಮರುವರ್ಷ ಗುಡ್ಡ ಹತ್ತುವ ದಿನ ಹತ್ತಿರ ಬಂದಾಗ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ಅಕ್ಕಾ, ಜಮಖಂಡ್ಯಾಗ ಒಂದು ಹಳೇ ಟರ್ಬೊ ಇಂಜಿನ್ ಐತಂತ. ಕಬ್ಬಿನ ಲಾರಿಯವ್ರು ಹೇಳ್ಯಾರ. ಅದನ್ನ ಕೂಡಿಸಿದ್ರ ಈ ಗುಡ್ಡ ಅಲ್ಲ, ಇದರ ಅಪ್ಪನ್ನೂ ಹತ್ತತೈತಂತ."

"ಟರ್ಬೊ ಅಂದ್ರೇನಪಾ?"

"ನನಗೇನ್ ಗೊತ್ತು? ಮಾಯಾನ್ನ ಕೇಳು."

ಮಾಯಾ ಅವನ ಮಗಳು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೀಳಗಿಯ ಗಿರಮಲ್ಲಪ್ಪನ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಮೂರು ಕಡೆ ಕೇಳಿ ಬೇಡವೆನಿಸಿಕೊಂಡು ಬಂದವಳನ್ನು ಗಿರಮಲ್ಲಪ್ಪ ಒಂದು ಮಾತೂ ಕೇಳದೆ ಸೇರಿಸಿಕೊಂಡಿದ್ದ. ಅವಳು ಬಟ್ಟೆ ಬದಲಿಸಲೆಂದು ಮೂಲೆಯಲ್ಲಿ ತಗಡಿನ ಮರೆಯನ್ನೂ ಕಟ್ಟಿಸಿಕೊಟ್ಟಿದ್ದ.

"ಕಮ್ಮಾರನ ಕುಲುಮ್ಯಾಗ ತಿದಿ ಊದತಾರಲ್ಲ ಅತ್ತಿ, ಹಂಗ" ಎಂದಳು ಮಾಯಾ. "ಹೊರಗ ಹೋಗೋ ಹೊಗೀನ ಒಂದು ಸಣ್ಣ ಗಾಲಿ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬತೈತಿ. ಬೆಂಕಿ ಜೋರ್ ಆಗತೈತಿ."

ಆ ಇಂಜಿನ್ನಿಗೆ ಇಪ್ಪತ್ತು ಕುರಿ ಮಾರಬೇಕಿತ್ತು. ಅದರಲ್ಲಿ ಎಂಟು ಗಬ್ಬದವು. ಅಮಸಿದ್ದ ಮಗಳಿಗೆ ಹೇಳಿದ: "ನಿನ್ನ ಓದಿಸೀನಿ. ಬಂದು ನೋಡು. ನೀ ಹೂಂ ಅಂದ್ರ ತರೂನು, ಉಹೂಂ ಅಂದ್ರ ಬಿಡೂನು."

ಅವನ ಹೆಂಡತಿ ಕರೆವ್ವ ರೊಟ್ಟಿ ಕಟ್ಟಿಕೊಡುತ್ತಾ ಬಾಯಿ ಹಾಕಿದಳು. "ಇಪ್ಪತ್ತು ಕುರಿ ಹೋದ್ರ ನಿನ್ನ ಮಾತಿನ ಮ್ಯಾಲೆ ಹೋದಂಗ ನೋಡ್ ಬೇ. ಗುಡ್ಡದಾಗ ಮತ್ತ ಮರಿ ಸತ್ರೂ ನಿನ್ನ ಮಾತಿನ ಮ್ಯಾಲೆ."

ನಾನೂ ಅಪ್ಪ-ಮಗಳ ಜೊತೆ ಹೊರಟೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತ ಮಾಯಾ ಜಮಖಂಡಿ ಬರುವತನಕ ತನ್ನ ಉಗುರನ್ನೇ ನೋಡಿಕೊಳ್ಳುತ್ತಿದ್ದಳು.

ಶಶಿಕಾಂತ ಎಂಬಾತ ಊರ ಹೊರಗೆ ಹಳೆಯ ಗಾಡಿಗಳನ್ನು ಬಿಚ್ಚಿ ಮಾರುತ್ತಿದ್ದ. ನಾವು ಬರುವುದು ಅವನಿಗೆ ಮೊದಲೇ ಗೊತ್ತಿತ್ತು. ಬೇವಿನ ಗಿಡದ ನೆರಳಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಇಂಜಿನ್ ಕೂಡಿಸಿ, ಒರೆಸಿ, ಮದುಮಗನ ಹಾಗೆ ಸಿಂಗರಿಸಿಟ್ಟಿದ್ದ. ಬ್ಯಾಟರಿಗೆ ತಂತಿ ಮುಟ್ಟಿಸಿದ ತಕ್ಷಣ ಅದು ಗುರ್ರೆಂದು ಎದ್ದಿತು. ಒಂದಿಷ್ಟೂ ಹೊಗೆ ಇಲ್ಲ.

"ಕೇಳ್ರಿ ಕಾಕಾ, ಧ್ವನಿ ಕೇಳ್ರಿ!"

ಅಮಸಿದ್ದ ಧ್ವನಿ ಕೇಳಲಿಲ್ಲ. ಬಂದ್ ಮಾಡಿಸಿ, ಶಶಿಕಾಂತನ ಕಡೆ ತಿರುಗಿ ಹೇಳಿದ: "ನೀವು ಚಾಲು ಮಾಡೂದಕ್ಕಿಂತ ಮೊದಲ ನಾ ಇದನ್ನ ಮುಟ್ಟಿ ನೋಡೀನ್ರಿ. ನೀವು ಚಾ ಹೇಳಾಕ ಹೋಗಿದ್ರಿ. ಆಗ್ಲೇ ಇದರ ಮೈ ಬಿಸಿ ಇತ್ತಲ್ರಿ?"

ಸಂತೆಯಲ್ಲಿ ಕುರಿ ಕೊಳ್ಳುವಾಗ ನಮ್ಮವರು ಮೊದಲು ಕಿವಿ ಹಿಡಿದು ಜ್ವರ ನೋಡುತ್ತಾರೆ. ಅದೇ ಕೈ ಇಲ್ಲಿಯೂ ಹೋಗಿತ್ತು.

"ಬಿಸಲಿಗೆ ಕಾದಿರಬೇಕ್ರಿ."

"ನೆರಳಾಗ ಐತ್ರಿ."

ಶಶಿಕಾಂತ ತಲೆ ಕೆರೆದುಕೊಂಡು ನಕ್ಕುಬಿಟ್ಟ. ಅಮಸಿದ್ದನೂ ನಕ್ಕ. "ಇರ್ಲಿ ಬಿಡ್ರಿ. ನಾವೂ ಕುರಿಗೆ ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟಿ ಉಬ್ಬಿಸಿ ಸಂತಿಗೆ ಒಯ್ದವ್ರ. ಇದು ಆರ್ಲಿ. ಕುಂದ್ರತೀವಿ."

ಮೂರು ತಾಸು ಕುಳಿತೆವು. ಕರೆವ್ವನ ರೊಟ್ಟಿಯನ್ನು ಶಶಿಕಾಂತನೂ ನಮ್ಮೊಡನೆ ತಿಂದ. ನನಗೊಂದು ಕುರ್ಚಿ ತಂದು ಹಾಕಿದ್ದ. ನೆರಳು ಸರಿದ ಹಾಗೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಬಂದು ಕುರ್ಚಿ ಸರಿಸಿಕೊಟ್ಟು ಹೋಗುತ್ತಿದ್ದ. ಸುಳ್ಳು ಸಿಕ್ಕಿಬಿದ್ದ ಮೇಲೂ ಅವನು ಮುನಿಯಲಿಲ್ಲ.

ಆರಿದ ಇಂಜಿನ್ ಈ ಸಲ ಸುಲಭಕ್ಕೆ ಏಳಲಿಲ್ಲ. ಗರ್ ಗರ್ ಎಂದು ಕೆಮ್ಮಿ, ಬಿಳಿಹೊಗೆ ಬಿಟ್ಟು, ಆಮೇಲೆ ಹಿಡಿಯಿತು. ಮಾಯಾ ಕಿವಿಗೊಟ್ಟು ಕೇಳಿದಳು. ಬಂದ್ ಮಾಡಿ ಕೊಳವೆ ಬಿಚ್ಚಿ, ಒಳಗಿನ ಸಣ್ಣ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದಳು. ಬೆರಳಿಗೆ ಹತ್ತಿದ ಎಣ್ಣೆಯ ವಾಸನೆ ನೋಡಿದಳು.

"ಸ್ವಲ್ಪ ಸವದೈತಿ. ಆದ್ರ ಇಂಜಿನ್ ಖರೇನ ಛಲೋ ಐತಿ ಅಪ್ಪಾ."

"ಹಂಗಾರ ಹೂಂ ಅನ್ನು!"

ಅವಳು ಹೂಂ ಅನ್ನಲಿಲ್ಲ. ಎದ್ದು, ಗೋಡೆಯ ಹತ್ತಿರ ಬಿಚ್ಚಿಟ್ಟಿದ್ದ ನಮ್ಮದೇ ನಮೂನೆಯ ಒಂದು ಜೀಪಿನೊಳಗೆ ಬಗ್ಗಿದಳು. ಬಹಳ ಹೊತ್ತು ಅಲ್ಲೇ ಇದ್ದಳು.

"ಅಪ್ಪಾ, ಇದರಾಗ ಗೇರಿನ ಕಡ್ಡಿ ಪಕ್ಕಕ್ಕ ಇನ್ನೊಂದು ಸಣ್ಣ ಕಡ್ಡಿ ಐತಿ. ನಮ್ಮ ಜೀಪಿನಾಗ ಎಲ್ಲೈತಿ?"

"ಅದಾ? ಕೊಯ್ಸಿ ಒಗದೀನಿ."

"ಒಗದಿ?"

"ಮರಿಬುಟ್ಟಿ ಕೂಡ್ತಿರ್ಲಿಲ್ಲ ಬೇ. ಮರಿ ಕಾಲು ಅದಕ್ಕ ಸಿಕ್ಕೋತಿದ್ದು. ತಂದ ವರ್ಷಾನ ಕಮ್ಮಾರ ಶಿದ್ರಾಮಪ್ಪನ ಕಡಿಂದ ಕೊಯ್ಸಿದೆ. ಅದರಿಂದೇನು ಗಾಡಿ ನಿಂತಿತೇನು?"

ಮಾಯಾ ನಗತೊಡಗಿದಳು. ಜೀಪಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಶಶಿಕಾಂತನಿಗೂ ತಡೆಯಲಾಗಲಿಲ್ಲ.

"ಅದು ಗುಡ್ಡ ಹತ್ತೋ ಕಡ್ಡಿ ಅಪ್ಪಾ! ಅದನ್ನ ಜಗ್ಗಿದ್ರ ನಾಕೂ ಗಾಲಿ ಎಳೀತಾವು. ಸಾವಕಾಶ ಎಳೀತಾವು, ಆದ್ರ ಬಿಡಂಗಿಲ್ಲ. ಆಣೆಕಟ್ಟಿನ ಸಾಹೇಬ್ರು ಕಲ್ಲಾಗ ಹೆಂಗ ಓಡಾಡತಿದ್ರು ಅಂದ್ಕೊಂಡಿ? ನೀ ಜೀಪಿನ ಅರ್ಧಾ ತಾಕತ್ತು ಕೊಯ್ಸಿ ಒಗದು, ಗುಡ್ಡಕ್ಕ ಬೈಕೋತ ಕುಂತಿ."

ಅಮಸಿದ್ದ ತಲೆಯ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡ. "ಹರಾಜಿನಾಗ ಯಾವ ಮಗಾನೂ ಹೇಳಲಿಲ್ಲಲ್ಲ" ಎಂದು ಗೊಣಗಿದ. ಆಮೇಲೆ ಇಂಜಿನ್ ಕಡೆ ನೋಡಿದ. ಅದರ ಮೇಲಿನ ಆಸೆ ಅವನ ಮುಖದಲ್ಲಿ ಇನ್ನೂ ಇತ್ತು.

"ಎರಡೂ ಇದ್ರ ಇನ್ನೂ ಛಲೋ ಅಲ್ಲೇನು?"

"ಇಲ್ಲ. ಇದರ ಜೋರಿಗೆ ನಮ್ಮ ಗೇರ್‌ಬಾಕ್ಸ್ ತಡೆಯಂಗಿಲ್ಲ. ಅದೂ ತಡೀತು ಅನ್ನು, ಹತ್ತಿದ ಗುಡ್ಡ ಆ ಕಡಿ ಇಳೀಬೇಕಲ್ಲ? ಆ ಹಳೇ ಬ್ರೇಕಿನ ಮ್ಯಾಲೆ ಮರಿ ತುಂಬ್ಕೊಂಡು ನಾ ಇಳಿಸಂಗಿಲ್ಲ. ಗೇರಿನ ಪೆಟ್ಟಿಗಿ ಬಿಚ್ಚಿ ನೋಡ್ತೀನಿ. ಒಳಗ ಹಲ್ಲು ನೆಟ್ಟಗಿದ್ರ ನಮ್ಮ ಇಂಜಿನ್ನ ಸಾಕು. ಹಲ್ಲು ಹೋಗಿದ್ರ ಅದನ್ನೂ ನಿನ್ನ ಮುಂದ ಹೇಳ್ತೀನಿ."

"ಹಂಗಾರ ಉಹೂಂ?"

"ಉಹೂಂ."

ತಾನು ಕೊಟ್ಟ ಮಾತು ಅವನಿಗೆ ನೆನಪಿತ್ತು. ಶಶಿಕಾಂತನ ಕಡೆ ತಿರುಗಿ, "ನಿಮ್ಮ ಒಂದ್ ದಿನ ಹಾಳ ಮಾಡಿದ್ವಿರಿ" ಎಂದು ಕೈ ಮುಗಿದ.

ದೊಡ್ಡ ವ್ಯಾಪಾರ ಕೈ ತಪ್ಪಿದ ಶಶಿಕಾಂತ ಒಂದು ಪಾನಾ ತೆಗೆದುಕೊಂಡು ಆ ಹಳೆಯ ಜೀಪಿನ ಕೆಳಗೆ ತೂರಿದ. ಅರ್ಧ ತಾಸಿನ ಮೇಲೆ ಸಣ್ಣ ಕಡ್ಡಿಯನ್ನೂ ಅದರ ಜೋಡಣೆಯನ್ನೂ ಬಿಚ್ಚಿ ತಂದು, ಬಟ್ಟೆಯಲ್ಲಿ ಸುತ್ತಿ ಮಾಯಾಳ ಕೈಗಿಟ್ಟ. ಅಮಸಿದ್ದ ಕಿಸೆಗೆ ಕೈ ಹಾಕಿದರೆ, "ಬ್ಯಾಡ್ರಿ ಕಾಕಾ. ರೊಟ್ಟಿ ಉಂಡೀನಿ" ಎಂದ.

ಎಂಟು ದಿನ ಜೀಪು ಗಿರಮಲ್ಲಪ್ಪನ ಗ್ಯಾರೇಜಿನಲ್ಲಿತ್ತು. ಗೇರಿನ ಪೆಟ್ಟಿಗೆ ಬಿಚ್ಚಿದ ದಿನ ನಾನೂ ಹೋಗಿದ್ದೆ. ಆ ಸಣ್ಣ ಕಡ್ಡಿಗೆ ಸೇರಿದ, ಹತ್ತು ವರ್ಷ ಯಾರೂ ಮುಟ್ಟದ ಹಲ್ಲುಗಳು ಎಣ್ಣೆಯಲ್ಲಿ ಹೊಸದರಂತೆ ಹೊಳೆಯುತ್ತಿದ್ದವು. ಒಂದು ಬೇರಿಂಗ್ ಬದಲಿಸಿ, ರೇಡಿಯೇಟರ್ ತೊಳೆದು, ಬ್ರೇಕಿಗೆ ಹೊಸ ಲೈನರ್ ಹಾಕಿ, ಕೊನೆಗೆ ಮಾಯಾ ಆ ಕಡ್ಡಿಯನ್ನು ಬೆಂಕಿಯಲ್ಲಿ ಕಾಯಿಸಿ ಚಾಲಕನ ಕಡೆಗೆ ಬಗ್ಗಿಸಿದಳು. ಯಾಕೆಂದು ಕೇಳಿದೆ. "ಅಪ್ಪನ ಮರಿಬುಟ್ಟಿಗೆ ಜಾಗಾ ಬೇಕಲ್ಲ ಅತ್ತಿ" ಎಂದಳು. ಗಿರಮಲ್ಲಪ್ಪ ಪಕ್ಕದಲ್ಲೇ ನಿಂತಿದ್ದರೂ ಒಂದು ಬೋಲ್ಟಿಗೂ ಕೈ ಹಚ್ಚಲಿಲ್ಲ. ಇದು ಅವಳ ಕೆಲಸವೆಂದು ಎಲ್ಲರಿಗೂ ಕಾಣಲಿ ಎಂದೇ ಹಾಗೆ ನಿಂತಿದ್ದನೆಂದು ನನಗೆ ಈಗಲೂ ಅನಿಸುತ್ತದೆ.

ಶಿವರಾತ್ರಿಯ ಮರುವಾರ ಬೆಳಿಗ್ಗೆ ಕರೆವ್ವ ಬೀರೇಶ್ವರನ ಭಂಡಾರದ ಅರಿಸಿನವನ್ನು ಜೀಪಿಗೆ ಹಚ್ಚಿದಳು. ಇಪ್ಪತ್ತಾರು ಮರಿ ಒಳಗೆ, ಮಾಯಾ ಸ್ಟೇರಿಂಗಿನ ಹಿಂದೆ, ನಾನು ಅವಳ ಪಕ್ಕದಲ್ಲಿ. ಏರಿನ ಬುಡದಲ್ಲಿ ಅವಳು ಸಣ್ಣ ಕಡ್ಡಿ ಜಗ್ಗಿದಳು. ಜೀಪು ಮನುಷ್ಯನ ನಡಿಗೆಗಿಂತ ಜೋರಾಗಿ ಹೋಗಲಿಲ್ಲ. ಹಿಂದಿನ ವರ್ಷ ಕೆಟ್ಟು ನಿಂತ ತಿರುವು ಬಂತು. ಗಾಲಿಗಳು ಕಲ್ಲು ಕಚ್ಚಿಕೊಂಡು, ಅವಸರವಿಲ್ಲದೆ, ತಿರುವು ದಾಟಿದವು.

ಅಷ್ಟು ನಿಧಾನವಾದ್ದರಿಂದ ಅಮಸಿದ್ದ, ಕರೆವ್ವ ಹೊಡೆದುಕೊಂಡು ಬರುತ್ತಿದ್ದ ತಾಯಿ ಕುರಿಗಳೂ ಜೀಪಿನ ಜೊತೆಗೇ ನಡೆಯುತ್ತಿದ್ದವು. ಹೊರಗಿನಿಂದ ಅವು ಕರೆಯುವುದು, ಬುಟ್ಟಿಯಿಂದ ಮರಿಗಳು ಓಗೊಡುವುದು, ನೆತ್ತಿ ಮುಟ್ಟುವತನಕ ನಡೆದೇ ಇತ್ತು.

ಮೇಲೆ ಕಬ್ಬಿನ ಲಾರಿಯೊಂದು ನಿಂತಿತ್ತು. ಅದರ ಡ್ರೈವರ್ ಇಳಿದು ಬಂದು, "ಕಾಕಾ, ಟರ್ಬೊ ಹಾಕ್ಸಿದ್ರೇನು?" ಎಂದು ಕೇಳಿದ. ಅಮಸಿದ್ದ ಅವನ ಹೆಗಲ ಮೇಲೆ ಕೈ ಹಾಕಿ, ತಾನು ಕಡ್ಡಿ ಕೊಯ್ಯಿಸಿ ಒಗೆದದ್ದರಿಂದ ಹಿಡಿದು ಎಲ್ಲವನ್ನೂ, ತನ್ನ ದಡ್ಡತನವನ್ನು ಒಂದಿಷ್ಟೂ ಮುಚ್ಚಿಡದೆ ಹೇಳತೊಡಗಿದ. ಮಗಳ ಮಾತು ಬಂದಲ್ಲೆಲ್ಲ ಅವನ ಧ್ವನಿ ಏರುತ್ತಿತ್ತು.

ಕರೆವ್ವ ಅದನ್ನು ಕೇಳುತ್ತಾ ಮರಿಗಳನ್ನು ಒಂದೊಂದಾಗಿ ಇಳಿಸಿ ಅವುಗಳ ತಾಯಂದಿರ ಹತ್ತಿರ ಬಿಟ್ಟಳು. ಇಪ್ಪತ್ತಾರೂ ಓಡಿ ಹೋಗಿ ಕೆಚ್ಚಲಿಗೆ ಬಾಯಿ ಹಾಕಿದವು. ಆಮೇಲೆ ಅವಳು ಮಗಳ ಹತ್ತಿರ ಬಂದು ಅವಳ ಮೊಣಕೈಗೆ ಹತ್ತಿದ್ದ ಕರಿ ಗ್ರೀಸನ್ನು ತನ್ನ ಸೆರಗಿನಿಂದಲೇ ಒರೆಸಿದಳು.