ಹದಿನಾಲ್ಕನೆಯ ಹುಟ್ಟು

ಜುಲೈ ತಿಂಗಳ ಆ ಶನಿವಾರ, ದೋಣಿ ಪಂದ್ಯಕ್ಕೆಂದು ಔನೆ ಎಂಬಾಕೆ ಹದಿನಾಲ್ಕು ಹುಟ್ಟುಗಳ ದೋಣಿ ಹತ್ತಿ ಕೂತಾಗ, ಹಳ್ಳಿಯವರ ಕಡೆ ಹದಿಮೂರೇ ಜನ. ಹದಿನಾಲ್ಕನೆಯವನು ಹಿಂದಿನ ದಿನ ಹುಲ್ಲು ಕೊಯ್ಯುವಾಗ ಭುಜ ಉಳುಕಿಸಿಕೊಂಡಿದ್ದ. ಬರುವ ಜನವರಿಗೆ ಪಟ್ಟಣವೂ ಸುತ್ತಲ ಹಳ್ಳಿಗಳೂ ಸೇರಿ ಒಂದೇ ಪುರಸಭೆ ಆಗಲಿದ್ದವು. ಹಾಗಾಗಿ ಪಟ್ಟಣದವರ ಎದುರು ಹಳ್ಳಿಯವರಿಗೆ ಇದೇ ಕೊನೆಯ ಪಂದ್ಯ.

"ಯಾರಾದ್ರೂ ಬರ್ರಪ್ಪಾ, ಒಬ್ರು ಸಾಕು!" ಎಂದು ಚುಕ್ಕಾಣಿ ಹಿಡಿದಿದ್ದ ಮುದುಕ ಓಯ್ವ ದಡದ ಕಡೆ ಕೂಗಿದ.

"ಒಂದು ಹಸು ಕೂರಿಸ್ಕೊಳ್ರೋ! ನಿಮ್ಮಲ್ಲಿ ಅದಕ್ಕೇನು ಬರ?" ಎಂದು ಪಟ್ಟಣದವರ ದೋಣಿಯಿಂದ ಯಾರೋ ಕಿಚಾಯಿಸಿದರು.

ದಡದ ಗುಂಪಿನೊಳಗಿಂದ ಒಬ್ಬ ಹೆಂಗಸು ಬಂದು ಚಪ್ಪಲಿ ಬಿಟ್ಟು, ಮೊಣಕಾಲುದ್ದ ನೀರಿಗಿಳಿದಳು. ಸೈಮಿ. ಔನೆಯ ಅಕ್ಕ. ಮದುವೆಯಾಗಿ ಪಟ್ಟಣ ಸೇರಿದವಳು. ಒಂಬತ್ತು ವರ್ಷಗಳ ಹಿಂದೆ ಅವಳು ಅಮ್ಮನನ್ನು ಊರಲ್ಲಿ ಅಪ್ಪನ ಪಕ್ಕ ಮಣ್ಣು ಮಾಡದೆ ಪಟ್ಟಣದ ಸ್ಮಶಾನದಲ್ಲಿ ಮಾಡಿದಳೆಂದು ಔನೆ ಮಾತು ಬಿಟ್ಟಿದ್ದಳು. ಅಂಗಡಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು.

"ಜಾಗ ಇರೋದು ಔನೆ ಪಕ್ಕದಲ್ಲೇ," ಎಂದ ಓಯ್ವ, ಎತ್ತಲೋ ನೋಡುತ್ತ.

ಸೈಮಿ ಬಂದು ಕೂತಳು. ಅವಳು ಹುಟ್ಟು ಹಿಡಿದಿದ್ದೇ ಪಂದ್ಯ ಶುರುವಾಯಿತು. ನಡುಗಡ್ಡೆ ಸುತ್ತಿ ಬರುವಷ್ಟರಲ್ಲಿ ಔನೆಯ ಹುಟ್ಟು ತಾಳ ತಪ್ಪಿತು.

"ಬೆನ್ನು ಬಳಸೇ, ಬರೀ ಕೈಯಲ್ಲಿ ಎಳೀಬೇಡ. ಅಮ್ಮ ಎಷ್ಟ್ ಸಲ ಹೇಳಿದ್ಲು!" ಎಂದಳು ಸೈಮಿ.

ಅಮ್ಮನ ಹೆಸರು ಆ ಬಾಯಲ್ಲಿ ಕೇಳಿ ಔನೆಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅವಳು ನೀರು ಸೀಳುವಂತೆ ಹುಟ್ಟು ಹಾಕಿದಳು. ಆದರೂ ಒಂದು ದೋಣಿಯಷ್ಟು ಅಂತರದಲ್ಲಿ ಸೋತರು.

"ಸೋಲೋ ದೋಣಿ ಹತ್ತೋಕೆ ನಮ್ಮನ್ನ ಬಿಟ್ಟು ಹೋದ್ಯಾ ಸೈಮಿ?" ಎಂದು ಪಟ್ಟಣದ ನೆರೆಯವಳೊಬ್ಬಳು ನಕ್ಕಳು.

"ಅದ್ರಲ್ಲಿ ನನ್ ತಂಗಿ ಇದ್ಲು. ನಿಮ್ದ್ರಲ್ಲಿ ಯಾರಿದ್ರು?"

ಔನೆ ಬೊಬ್ಬೆಯೆದ್ದ ಅಂಗೈ ನೋಡಿಕೊಳ್ಳುತ್ತ ನಿಂತಳು. ಆಮೇಲೆ ಮೆಲ್ಲಗೆ, "ಸೌನಾ ಕಾಯಿಸಿ ಬಂದಿದೀನಿ. ಬರ್ತೀಯಾ?" ಎಂದಳು.

ಔನೆಯ ಮನೆಯ ಸೌನಾದಲ್ಲಿ, ಆ ಆವಿಸ್ನಾನದ ಕೋಣೆಯ ಮಬ್ಬಿನಲ್ಲಿ, ಮೇಲಿನ ಹಲಗೆಯ ಮೇಲೆ ಕೂತು ಸೈಮಿ ತಾನಾಗಿಯೇ ಹೇಳಿದಳು: "ಅಮ್ಮಾನೇ ಕೇಳಿದ್ದು ಕಣೇ. ಪಟ್ಟಣದ ಸ್ಮಶಾನದಿಂದ ನೀರು ಕಾಣುತ್ತೆ, ಅಲ್ಲೇ ಇಡು ಅಂತ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ರೆ ತಾನೇ? ಚರ್ಚಿನ ಬಾಗಿಲಲ್ಲೇ ಕೂಗಾಡಿದೆ. ನನಗೂ ಹಟ ಬಂತು."

ಔನೆ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು. ಚುಂಯ್ ಎಂದಿತು. ಅಪ್ಪ ಊರ ಸ್ಮಶಾನದಲ್ಲಿ ಒಬ್ಬನೇ ಇದ್ದಾನಲ್ಲ ಎಂಬ ನೋವು ಅವಳಿಗೆ ಹೋಗಲಿಲ್ಲ. ಆದರೆ ಅದನ್ನು ಅಕ್ಕನ ತಲೆಗೆ ಕಟ್ಟುವುದು ಇನ್ನು ಸಾಧ್ಯವಿರಲಿಲ್ಲ.

"ಏನು ಹೂ ನೆಟ್ಟಿದೀಯ ಅಮ್ಮನ ಹತ್ರ?"

"ಬೆಗೋನಿಯಾ."

"ಅಮ್ಮಂಗೆ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ!"

"ಗೊತ್ತು ಕಣೇ. ಅಂಗಡೀಲಿ ಅದೇ ಸಿಕ್ಕಿದ್ದು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಔನೆ ಹಿತ್ತಲಿಂದ ನೀಲಿ ಗಂಟೆಹೂವಿನ ಒಂದು ಬುಡ ಬೇರುಸಮೇತ ಕಿತ್ತು, ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಂಡು, ಮೊದಲ ಸಲ ಅಮ್ಮನ ಸಮಾಧಿಗೆ ಅಕ್ಕನ ಜೊತೆ ಹೊರಟಳು.