ಸಿಟ್ಟಿನ ನಾಬ್

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇಲ್ಲಿ ಬರುವ ಸಂಗೀತವನ್ನು ಬಲ್ಲವರು ಬೇರೆ ಇದ್ದಾರೆ, ಅದನ್ನು ಹುಟ್ಟಿಸುವ ಯಂತ್ರಗಳನ್ನು ಬಲ್ಲವರೂ ಬೇರೆ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ತಪ್ಪುಗಳು ಕಡಿಮೆ ಇರುತ್ತಿದ್ದವು. ಆದರೆ ಯಾರೂ ಹೇಳಲಿಲ್ಲ. ಒಬ್ಬ ಅತ್ತಿಗೆ ಆರು ದಿನ ಊಟದ ಮೇಜಿನ ಮುಂದೆ ಕೂತು ಮಾಡಿದ ಕೆಲಸ ಹಾಗೇ ಮರೆತುಹೋಗಬಾರದು ಎಂಬ ಒಂದೇ ಕಾರಣಕ್ಕೆ ಈ ಧೈರ್ಯ. ಎಲ್ಲಾದರೂ ಎಡವಿದ್ದರೆ ಅದು ಹೇಳಿದವರ ಎಡವಟ್ಟು, ಅತ್ತಿಗೆಯದಲ್ಲ.

ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದವಳು ಅವಳ ನಾದಿನಿ ಗುಬ್ಬಿ. ಒಂದು ಕಡೆ ಕೂರದ ಹುಡುಗಿಗೆ ಮನೆಯವರು ಚಿಕ್ಕಂದಿನಲ್ಲಿ ಇಟ್ಟ ಹೆಸರು, ಇಪ್ಪತ್ತಾರು ತುಂಬಿದರೂ ಬಿಟ್ಟುಹೋಗಿರಲಿಲ್ಲ. ವಾರವೆಲ್ಲ ಗುಬ್ಬಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಭಾನುವಾರ ಮಧ್ಯಾಹ್ನ ಮಾತ್ರ ಸ್ಕೇಟಿಂಗ್ ಅಂಗಳದ ಮೂಲೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಶಬ್ದದ ಒಂದೊಂದು ಗುಣ ಬದಲಿಸುವ ನಾಬ್‌ಗಳ ಒಂದು ಪುಟ್ಟ ಪೆಟ್ಟಿಗೆ ಇಟ್ಟುಕೊಂಡು ತಾನೇ ಕಟ್ಟಿದ ಸಂಗೀತ ನುಡಿಸುತ್ತಿದ್ದಳು.

ಅದು ಡ್ರಮ್ ಅಂಡ್ ಬಾಸ್. ನಿಮಿಷಕ್ಕೆ ನೂರ ಎಪ್ಪತ್ತನಾಲ್ಕು ಬಡಿತ. ಮೇಲೆ ಡ್ರಮ್ಮು ಬೆನ್ನಟ್ಟಿಸಿಕೊಂಡಂತೆ ಓಡುತ್ತಿರುತ್ತದೆ. ಕೆಳಗೆ ತಗ್ಗು ಸ್ವರದ ಬಾಸು ಅದರ ಅರ್ಧ ವೇಗದಲ್ಲಿ, ಯಾರ ಗೊಡವೆಯೂ ಇಲ್ಲದ ದೊಡ್ಡ ಪ್ರಾಣಿಯ ಹಾಗೆ ಹೆಜ್ಜೆ ಹಾಕುತ್ತಿರುತ್ತದೆ. ಚಕ್ರ ಕಟ್ಟಿಕೊಂಡ ಕಾಲಿಗೆ ಇದಕ್ಕಿಂತ ಒಪ್ಪುವ ಸಂಗೀತ ಇನ್ನೊಂದಿಲ್ಲ ಎಂದು ಗುಬ್ಬಿಯ ನಂಬಿಕೆ. "ಮೆಟ್ಟಿಲ ಮೇಲಿಂದ ಡಬ್ಬ ಉರುಳಿದ ಹಾಗಿದೆ. ಅದರ ಹಿಂದೆ ಬೀರೂನೂ ಬರ್ತಾ ಇದೆ," ಎಂದು ಅವಳ ಅಮ್ಮನ ಅಭಿಪ್ರಾಯ.

ಆ ಭಾನುವಾರ ಆದದ್ದು ಇಷ್ಟು. ಹಾಡು ತಣ್ಣಗಿನಿಂದ ಉಗ್ರಕ್ಕೆ ತಿರುಗುವ ಜಾಗದಲ್ಲಿ ಒಂಬತ್ತು ನಾಬ್ ತಿರುಗಿಸಬೇಕಿತ್ತು. ಇದ್ದದ್ದು ಎರಡು ಕೈ, ಅದರಲ್ಲೂ ಎಡಗೈ ಡ್ರಮ್ಮಿನ ವರಸೆ ಬದಲಿಸುವುದರಲ್ಲಿ ಸಿಕ್ಕಿಕೊಂಡಿತ್ತು. ಗುಬ್ಬಿ ಪೆಟ್ಟಿಗೆಯ ಮೇಲೆ ಬಗ್ಗಿ, ಅಂಗಳದ ಕಡೆ ನೋಡದೆ, ಒಂದು ನಾಬ್ ಬಿಟ್ಟು ಇನ್ನೊಂದನ್ನು ಹಿಡಿದಳು. ಡ್ರಮ್ಮು ಗಕ್ಕನೆ ನಿಂತಿತು. ತಾಳದ ಮೇಲೆ ಕಾಲಿಟ್ಟಿದ್ದ ನಲವತ್ತು ಜನಕ್ಕೆ ತಾಳವೇ ಇಲ್ಲದಂತಾಯಿತು. ಕೈ ಕೈ ಹಿಡಿದು ಸಾಲಾಗಿ ಬರುತ್ತಿದ್ದ ಏಳು ಜನ ಒಬ್ಬರ ಮೇಲೊಬ್ಬರು ಬಿದ್ದರು. ಮಾನಕ್ಕೆ ಬಿಟ್ಟು ಬೇರೆಲ್ಲಿಗೂ ಪೆಟ್ಟಾಗಲಿಲ್ಲ.

ಅಂಗಳದ ಮ್ಯಾನೇಜರು ಕೊರಳಲ್ಲಿ ಸೀಟಿ ಹಾಕಿಕೊಂಡೇ ಬಂದರು.

"ನೋಡಮ್ಮಾ, ಕಾಲಿಗೆ ಚಕ್ರ ಕಟ್ಕೊಂಡವರ ಜೊತೆ ಆಟ ಬೇಡ. ಇನ್ನೊಂದು ಭಾನುವಾರ ನೋಡ್ತೀನಿ. ಹೀಗೇ ಆದ್ರೆ ನನ್ನ ಹತ್ರ ರೆಡಿ ಹಾಡುಗಳಿವೆ. ಹಾಕಿಬಿಟ್ರೆ ಅವೇ ಓಡ್ತವೆ, ಯಾರನ್ನೂ ಬೀಳಿಸಲ್ಲ."

ಗುಬ್ಬಿಗೆ ಜನರೆದುರು ನುಡಿಸಲು ಇದ್ದದ್ದು ಆ ಒಂದು ಕಟ್ಟೆ.

ಅತ್ತಿಗೆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಗಾಜು ಕತ್ತರಿಸುವವಳು. ಶಬ್ದದ ಸಾಫ್ಟ್‌ವೇರ್ ಕಲಿಸುವ ಸಂಜೆ ತರಗತಿಗೆ ಜೊತೆಗಿರಲಿ ಎಂದು ಅವಳನ್ನು ಎಳೆದುಕೊಂಡು ಹೋದವಳು ಗುಬ್ಬಿಯೇ. ಮೂರನೇ ವಾರಕ್ಕೆ ಬೇಜಾರಾಗಿ ಗುಬ್ಬಿ ಬಿಟ್ಟಳು. ಜೊತೆಗೆ ಹೋದವಳು ಎರಡು ವರ್ಷ ಮುಗಿಸಿ ಬಂದಳು.

"ಒಂಬತ್ತನ್ನೂ ಒಂದೇ ನಾಬ್‌ಗೆ ಕಟ್ಟೋಣ," ಎಂದಳು ಸೋಮವಾರ ಸಂಜೆ. "ಅದಕ್ಕೆ ಮ್ಯಾಕ್ರೋ ಅಂತಾರೆ. ತರಗತೀಲಿ ಹೇಳಿಕೊಟ್ರು. ನೀನು ಆಗಲೇ ಹಾರಿಹೋಗಿದ್ದೆ."

"ಚುಚ್ಚಬೇಡಿ ಅತ್ತಿಗೆ. ಒಂದು ಕಿವಿ ಹಿಂಡಿದ್ರೆ ಒಂಬತ್ತು ಜನ ಅಳಬೇಕು, ಅಷ್ಟೇ ತಾನೆ?"

"ಒಟ್ಟಿಗೆ ಅತ್ತರೆ ಗಲಾಟೆ ಕಣೇ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಶುರು ಮಾಡ್ಬೇಕು. ಒಬ್ಬಿಬ್ಬರು ನಗಬೇಕು. ಸರಿ, ಏನು ಹೆಸರು ಇದಕ್ಕೆ?"

"ಹೆಸರು ಆಮೇಲೆ ಇಟ್ರಾಯ್ತು."

"ಹೆಸರಿಲ್ದೆ ಏನನ್ನ ಕಟ್ಲಿ? ಅಂಗಡಿಗೆ ಬಂದು ಕಣ್ಣು ಕಾಣಲ್ಲ ಅಂದ್ರೆ ಸಾಕಾ, ದೂರದ್ದು ಕಾಣಲ್ವೋ ಹತ್ರದ್ದು ಕಾಣಲ್ವೋ ಹೇಳ್ಬೇಡ್ವಾ?"

"ಜೋರು ಅಂತಿಡಿ."

"ಜೋರಿಗೆ ವಾಲ್ಯೂಮ್ ಇದೆ."

ಗುಬ್ಬಿ ಯೋಚಿಸಿದಳು. "ಹಾಗಾದ್ರೆ ಸಿಟ್ಟು."

ಅತ್ತಿಗೆಗೆ ಹಿಡಿಸಿತು. ಕಾಗದದ ಚೂರಿನ ಮೇಲೆ ಬರೆದು ಪೆಟ್ಟಿಗೆಯ ಎಡತುದಿಯ ನಾಬ್ ಕೆಳಗೆ ಅಂಟಿಸಿದಳು. ಆಮೇಲೆ ಕೇಳಿದಳು: "ಯಾರ ಸಿಟ್ಟು?"

ಅದೇ ಹೊತ್ತಿಗೆ ಅಡುಗೆಮನೆಯಿಂದ ಅಮ್ಮನ ದನಿ ಕೇಳಿಸಿತು. ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡುವವನಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ನೀವು ಮಂಗಳವಾರ ಬರ್ತೀನಿ ಅಂದಿದ್ರಿ." ಸಾದಾ ದನಿ. "ಆಮೇಲೆ ಗುರುವಾರ ಅಂದ್ರಿ." ಒಂದು ಮೆಟ್ಟಿಲು ಕೆಳಗಿನ ದನಿ. "ಇವತ್ತು ಯಾವ ವಾರ ಅಂತ ಹೇಳ್ತೀರಾ?" ಇನ್ನೂ ಕೆಳಗೆ. ಮಾತು ಮಾತಿನ ನಡುವೆ ಜಾಗವೇ ಇಲ್ಲ, ಒಂದೊಂದು ಅಕ್ಷರವೂ ಕತ್ತರಿಸಿ ಇಟ್ಟಂತೆ. ದನಿ ತಗ್ಗಿದಷ್ಟೂ ಅಮ್ಮ ಎದ್ದು ಹತ್ತಿರಕ್ಕೆ ಬಂದಂತಾಗುತ್ತಿತ್ತು. ಗೋಡೆಯ ಈಚೆ ಕೂತ ಇಬ್ಬರೂ ಏನೂ ತಪ್ಪು ಮಾಡದೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅಲ್ಲಿ ದನಿ ಏರಿಸುವ ಹಾಗಿರಲಿಲ್ಲ. ಹಾಗಾಗಿ ಅವಳ ಸಿಟ್ಟು ಕೆಳಗಿಳಿಯುವುದನ್ನು ಕಲಿತಿತ್ತು.

ಅತ್ತಿಗೆ ಸದ್ದಿಲ್ಲದೆ ಚೌಕುಳಿ ಪುಸ್ತಕ ತೆರೆದಳು.

"ಅಯ್ಯೋ ಅತ್ತಿಗೆ, ಅಮ್ಮಂದಾ! ಗೊತ್ತಾದ್ರೆ?"

"ಯಾರು ಹೇಳ್ತಾರೆ? ನಾನು ಹೇಳಲ್ಲ. ನಿನ್ನ ಬಾಯಿಗೆ ಬೀಗ ಹಾಕ್ಕೋ."

ಅಲ್ಲಿಂದ ನಾಲ್ಕು ದಿನ ಗುಬ್ಬಿ ನೋಡಿದ್ದನ್ನು ಅವಳು ಇವತ್ತಿಗೂ ಕೈಯಾಡಿಸಿ ಹೇಳುತ್ತಾಳೆ. ಅತ್ತಿಗೆ ಒಂಬತ್ತು ಶಬ್ದಗುಣಗಳಿಗೆ ಒಂಬತ್ತು ಗೆರೆ ಎಳೆದಳು. ನಾಬ್ ಕಾಲು ಸುತ್ತು ತಿರುಗುವವರೆಗೆ ಹೆಚ್ಚೇನೂ ಆಗಬಾರದು, ಬರೀ ಪ್ರತಿಧ್ವನಿಯ ಬಾಲ ಗಿಡ್ಡವಾಗಬೇಕು. ದೊಡ್ಡ ಕೋಣೆಯ ಗೋಡೆಗಳು ಹತ್ತಿರ ಬಂದ ಹಾಗೆ. ಬಾಸಿನಲ್ಲಿ ಒಂದೇ ಸ್ವರ ಹಿಡಿದ ಎರಡು ದನಿಗಳಿದ್ದವು. ಅವು ಅರ್ಧ ಸುತ್ತಿನ ಹೊತ್ತಿಗೆ ಕೂದಲೆಳೆಯಷ್ಟು ಬೇರೆಯಾಗಿ ಒಂದಕ್ಕೊಂದು ಉಜ್ಜಬೇಕು, ಆಗ ಗುರುಗುಟ್ಟುವಿಕೆ ಹುಟ್ಟುತ್ತದೆ. ಡ್ರಮ್ಮಿನ ಪೆಟ್ಟುಗಳು ಚೂಪಾಗಬೇಕು, ಆದರೆ ಬಾಸಿನ ಹೊಳಪು ಮಾತ್ರ ಹಿಂದಕ್ಕೆ ಸರಿಯಬೇಕು. ಅದು ನಗುವವರ ಪೈಕಿ. ಗುಬ್ಬಿ ತಾನಾಗಿದ್ದರೆ ಒಂಬತ್ತನ್ನೂ ಸೊನ್ನೆಯಿಂದ ನೂರಕ್ಕೆ ಎಳೆದು ಕೈತೊಳೆದುಕೊಳ್ಳುತ್ತಿದ್ದಳು. ಅತ್ತಿಗೆ ಒಂದು ಗೆರೆ ಸೊನ್ನೆಯಿಂದ ಹೊರಡುವ ಬಾಗು ಸರಿಹೋಗಲಿಲ್ಲ ಎಂದು ಬುಧವಾರದ ಸಂಜೆಯನ್ನೆಲ್ಲ ಅದಕ್ಕೇ ಕೊಟ್ಟಳು.

"ಸೊನ್ನೇನೂ ಚೆನ್ನಾಗಿರ್ಬೇಕು," ಎನ್ನುತ್ತಿದ್ದಳು. "ಸಿಟ್ಟಿಲ್ದೇ ಇರೋ ಹೊತ್ತಲ್ಲೂ ಮನುಷ್ಯರು ಇರ್ತಾರಲ್ಲ."

ಪರೀಕ್ಷೆ ಮಾತ್ರ ಕನ್ನಡಕದಂಗಡಿಯ ರೀತಿಯದು. ಗುಬ್ಬಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಎರಡೆರಡು ಸಲ ಕೇಳಿಸುವುದು. "ಇದಾ, ಅದಾ?"

"ಅದು. ಎರಡನೇದು. ಕಣ್ಣು ಮುಚ್ಕೊಂಡು ಹೇಳ್ತೀನಿ, ಎರಡನೇದು."

"ಮೋಸ ಹೋದೆ. ಎರಡೂ ಒಂದೇ. ಎರಡನೇದು ಒಂಚೂರು ಜೋರಾಗಿತ್ತು, ಅಷ್ಟೆ. ಅಂಗಡೀಲೂ ಹೀಗೇ. ಬೇಕಾದ್ದಕ್ಕಿಂತ ಒಂದು ನಂಬರ್ ಜಾಸ್ತಿ ಗಾಜು ಹಾಕಿದ್ರೆ ಅಕ್ಷರ ಕಪ್ಪಗೆ ಕಾಣುತ್ತೆ, ಜನ ಆಹಾ ಅಂತಾರೆ. ಮನೆಗೆ ಹೋದ್ಮೇಲೆ ತಲೆನೋವು."

ಅದಕ್ಕೇ ನಾಬ್ ಏರಿದಂತೆಲ್ಲ ಒಟ್ಟು ಸದ್ದು ಎಷ್ಟು ಹೆಚ್ಚುತ್ತದೋ ಅಷ್ಟೇ ಇಳಿಯುವ ಹಾಗೆ ಹತ್ತನೆಯ ಗೆರೆ ಎಳೆದಳು. ಆ ಗೆರೆ ಇದೆ ಎಂದೇ ಕೇಳುವವರಿಗೆ ತಿಳಿಯುವುದಿಲ್ಲ. ಗುಬ್ಬಿಗೆ ಅತ್ತಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿದ್ದು ಆ ಗೆರೆ ಕಂಡು.

ಶುಕ್ರವಾರದ ಹೊತ್ತಿಗೆ ಮುಕ್ಕಾಲು ಸುತ್ತಿನವರೆಗೆ ನಾಬ್ ಮೈ ಜುಂ ಎನಿಸುವಂತಿತ್ತು. ಕೊನೆಯ ಕಾಲು ಸುತ್ತು ಮಾತ್ರ ಕೆಟ್ಟಿತ್ತು. ಏನು ಹಾಕಿದರೂ ಬರೀ ಗದ್ದಲ. ಅತ್ತಿಗೆ ಮೂರು ಸಲ ಅಳಿಸಿ ಬರೆದಳು, ಚೌಕುಳಿ ಹಾಳೆ ತೂತಾಯಿತು.

"ಮುಕ್ಕಾಲಿಗೇ ನಿಲ್ಲಿಸ್ತೀನಿ ಬಿಡಿ," ಎಂದಳು ಗುಬ್ಬಿ.

"ನಿಲ್ಲಿಸ್ತೀಯ? ನೀನಾ? ನಾಬ್ ತಿರುಗೋವರೆಗೆ ತಿರುಗಿಸೋಳು ನೀನು."

ಶನಿವಾರ ಬೆಳಿಗ್ಗೆ ಅಮ್ಮ ಒಗೆದ ಬಟ್ಟೆಯ ರಾಶಿ ತಂದು ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಮಡಚುತ್ತ ಕೂತಳು. ಸ್ಪೀಕರು ಗುರುಗುಟ್ಟುತ್ತಿತ್ತು. ಅಮ್ಮ ಕನ್ನಡಕ ಏರಿಸಿ ನಾಬ್ ಕೆಳಗಿನ ಚೀಟಿ ಓದಿದಳು.

"ಸಿಟ್ಟಾ? ಯಾರದು?"

ಗುಬ್ಬಿ ನಗು ತಡೆಯಲಾಗದೆ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವಳ ಹಾಗೆ ಬಗ್ಗಿದಳು. ಅಷ್ಟೇ ಸಾಕಾಯಿತು.

"ಓಹೋ," ಎಂದಳು ಅಮ್ಮ. ಒಂದು ಮೆಟ್ಟಿಲು ಕೆಳಗಿನ ದನಿ. "ತಿರುಗಿಸು, ಕೇಳೋಣ."

"ಅತ್ತೆ, ನಾನು ತಮಾಷೆಗಲ್ಲ—"

"ತಿರುಗಿಸಮ್ಮಾ ಅಂದೆ."

ಅತ್ತಿಗೆ ತಿರುಗಿಸಿದಳು. ಕಾಲು. ಅರ್ಧ. ಅಮ್ಮ ದಿಂಬಿನ ಚೀಲ ಮಡಚುವುದನ್ನು ನಿಲ್ಲಿಸಿದಳು. ಮುಕ್ಕಾಲಿಗೆ ಬಂದಾಗ ಅವಳ ಹುಬ್ಬು ಮೇಲೇರಿತು. "ಇದು ನಾನೇ," ಎಂದಳು, ಬೈಯುವುದನ್ನು ಮರೆತವಳಂತೆ. ನಾಬ್ ಕೊನೆ ಮುಟ್ಟಿ ಗದ್ದಲ ಎದ್ದಿತು. ಅಮ್ಮ ಮುಖ ಕಿವುಚಿದಳು.

"ಇದು ನಾನಲ್ಲ. ಇದು ಬರೀ ಕಿರುಚಾಟ. ಕಿರುಚೋರಿಗೆ ಇನ್ನೂ ಆಸೆ ಇರುತ್ತೆ, ಆ ಕಡೆಯವರು ಕೇಳಿಸ್ಕೋತಾರೆ ಅಂತ."

"ಮತ್ತೆ ಕೊನೇಲಿ ಏನಿರುತ್ತೆ ಅತ್ತೆ?" ಅತ್ತಿಗೆ ಹೆದರಿಕೆ ಬಿಟ್ಟು ಪೆನ್ಸಿಲು ಹಿಡಿದಿದ್ದಳು.

ಅಮ್ಮ ದಿಂಬಿನ ಚೀಲವನ್ನು ನಾಲ್ಕಾಗಿ ಮಡಚಿ ಅಂಗೈಯಿಂದ ಒತ್ತಿದಳು.

"ಮಾತು ನಿಲ್ಲಿಸಿಬಿಡೋದು. ಆದ್ರೆ ತಂತಿ ಕೀಳಬಾರದು. ಕಿತ್ರೆ ಲೈನ್ ಹೋಯ್ತು ಅಂದ್ಕೊಂಡು ಅವರೂ ಇಟ್ಬಿಡ್ತಾರೆ. ಲೈನ್ ತೆರೆದೇ ಇರ್ಬೇಕು, ಗುಂಯ್ ಅಂತ ಇರ್ಬೇಕು, ನಾವು ಇಲ್ಲೇ ಇದೀವಿ ಅಂತ ಗೊತ್ತಾಗ್ಬೇಕು. ಆಗ ಆ ಕಡೆಯವರಿಗೆ ಅವರ ಉಸಿರೇ ಅವರಿಗೆ ಕೇಳುತ್ತೆ." ಇನ್ನೊಂದು ಬಟ್ಟೆ ಎತ್ತಿಕೊಂಡಳು. "ನಾನು ಅಲ್ಲೀವರೆಗೆ ಹೋಗಿದ್ದು ಒಂದೇ ಸಲ."

ಅತ್ತಿಗೆ ಬರೆದುಕೊಳ್ಳುತ್ತಲೇ ಇದ್ದಳು. ಮಧ್ಯಾಹ್ನದೊಳಗೆ ಹತ್ತು ಗೆರೆಗಳಲ್ಲಿ ಎಂಟು ಕೊನೆಯ ಕಾಲು ಸುತ್ತಿನಲ್ಲಿ ಸೊನ್ನೆಗೆ ಬಾಗಿದವು. ಡ್ರಮ್ಮು ತೆಳುವಾಗುತ್ತ ಹೋಗಿ ಇಲ್ಲವಾಗುತ್ತಿತ್ತು. ಉಳಿಯುತ್ತಿದ್ದದ್ದು ತಳದ ಒಂದು ಗುಂಯ್, ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುವಂಥದ್ದು.

"ಅತ್ತಿಗೆ, ಹೋದ ವಾರ ಆಗಿದ್ದೂ ಇದೇ ಅಲ್ವಾ? ಡ್ರಮ್ ನಿಂತ್ರೆ ಮತ್ತೆ ಬೀಳ್ತಾರೆ."

"ಹೋದ ವಾರ ನೀನು ತಂತಿ ಕಿತ್ತೆ. ಈ ಸಲ ಮುಕ್ಕಾಲು ಸುತ್ತು ಅವರಿಗೆ ಹೇಳ್ಕೊಂಡೇ ಹೋಗ್ತೀಯ. ಒಂದೇ ಕೈಯಲ್ಲಿ. ಕಣ್ಣು ಅವರ ಮೇಲೇ ಇರ್ಲಿ."

ಭಾನುವಾರ ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಜನ. ಮ್ಯಾನೇಜರು ಸೀಟಿಯನ್ನು ಬಾಯಿಯ ಹತ್ತಿರವೇ ಹಿಡಿದು ನಿಂತಿದ್ದರು. ಅತ್ತಿಗೆ ಅಂಗಳದ ಅಂಚಿನ ಕಟಕಟೆಗೆ ಒರಗಿದ್ದಳು. ಬರುವುದಿಲ್ಲ ಎಂದಿದ್ದ ಅಮ್ಮ ಅವಳ ಪಕ್ಕದಲ್ಲೇ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು.

ಹಾಡು ಉಗ್ರಕ್ಕೆ ತಿರುಗುವ ಆ ಜಾಗ ಬಂದಾಗ ಗುಬ್ಬಿ ನಾಬ್ ಹಿಡಿದು ತಲೆಯೆತ್ತಿದಳು. ನುಡಿಸುವಾಗ ಅವಳು ಅಂಗಳವನ್ನು ನೋಡಿದ್ದು ಅದೇ ಮೊದಲು. ಕಾಲು ಸುತ್ತಿಗೆ ಜನರ ಭುಜ ಬಿಗಿಯಿತು. ಅರ್ಧಕ್ಕೆ ಎಲ್ಲರೂ ಮಂಡಿ ಬಗ್ಗಿಸಿದರು, ಹೋದ ವಾರ ಬಿದ್ದ ಏಳು ಜನ ಕೂಡ. ಮುಕ್ಕಾಲು. ಅಲ್ಲಿಯೇ ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕಟಕಟೆಯ ಕಡೆ ನೋಡಿದಳು. ಅಮ್ಮ ಕಿವಿಯಿಂದ ಹತ್ತಿ ತೆಗೆಯುತ್ತಿದ್ದಳು.

ಗುಬ್ಬಿ ಕೊನೆಯವರೆಗೆ ತಿರುಗಿಸಿದಳು.

ಡ್ರಮ್ಮು ಕರಗಿತು. ಗುಂಯ್ ಉಳಿಯಿತು. ಅದರ ಮೇಲೆ, ಇಷ್ಟು ದಿನ ಯಾರೂ ಕೇಳದಿದ್ದ ಸದ್ದೊಂದು ಎದ್ದು ಬಂತು: ಮರದ ಹಾಸಿನ ಮೇಲೆ ನಾನೂರು ಚಕ್ರಗಳು, ಒಟ್ಟಿಗೆ, ತಾಳ ತಪ್ಪದೆ. ಡ್ರಮ್ಮು ನಿಂತಿದ್ದರೂ ಆ ಕಾಲುಗಳು ನೂರ ಎಪ್ಪತ್ತನಾಲ್ಕರಲ್ಲೇ ಓಡುತ್ತಿದ್ದವು. ತಮ್ಮ ಸದ್ದು ತಮಗೇ ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರೂ ಬೀಳಲಿಲ್ಲ. ಎಂಟು ಎಣಿಕೆ ಕಾದು ಗುಬ್ಬಿ ನಾಬನ್ನು ಒಂದೇ ಏಟಿಗೆ ಸೊನ್ನೆಗೆ ತಂದಳು. ಸಿಟ್ಟಿಲ್ಲದ ಆ ದೊಡ್ಡ, ತಿಳಿಯಾದ ಸಂಗೀತ ಅಂಗಳದ ತುಂಬ ತೆರೆದುಕೊಂಡಿತು. ಅತ್ತಿಗೆ ಬುಧವಾರದ ಸಂಜೆಯನ್ನೆಲ್ಲ ಯಾಕೆ ಸುರಿದಳೆಂದು ಆಗ ಗೊತ್ತಾಯಿತು.

ಮ್ಯಾನೇಜರು ಸೀಟಿ ಇಳಿಸಿದರು. "ಮುಂದಿನ ವಾರ ಬೇಗ ಬಾ," ಎಂದರು. "ಆ ನಿಲ್ಲಿಸೋದು ಎರಡು ಸಲ ಮಾಡು."

"ಒಂದೇ ಸಲ," ಎಂದಳು ಗುಬ್ಬಿ. ಆ ಮಾತು ಬಾಯಿಗೆ ಎಲ್ಲಿಂದ ಬಂತೆಂದು ಅವಳಿಗೂ ಹೊಳೆಯಲಿಲ್ಲ.

ಅತ್ತಿಗೆ ನಾಬ್ ಕೆಳಗಿನ ಚೀಟಿಯ ಒಂದು ಮೂಲೆ ಎದ್ದಿದ್ದನ್ನು ಕಂಡು ಉಗುರಿನಿಂದ ಒತ್ತಿ ಕೂರಿಸಿದಳು. ಅವಳು ಮಾಡಿಕೊಂಡ ಸಂಭ್ರಮ ಅಷ್ಟೇ.

ಅಮ್ಮ ಆ ಕೊನೆಯವರೆಗೆ ಹೋದ ಒಂದು ಸಲ ಯಾವುದು, ತೆರೆದ ಲೈನಿನ ಆ ತುದಿಯಲ್ಲಿ ತಮ್ಮ ಉಸಿರನ್ನೇ ಕೇಳಿಸಿಕೊಂಡವರು ಯಾರು? ಮನೆಗೆ ಹೋಗುವ ದಾರಿಯಲ್ಲಿ ಗುಬ್ಬಿ ಎರಡು ಸಲ ಕೇಳಲು ಬಾಯಿ ತೆರೆದಳು, ಎರಡು ಸಲವೂ ಅತ್ತಿಗೆ ಅವಳ ಮೊಣಕೈ ಒತ್ತಿದಳು. ಆಮೇಲೂ ಯಾರೂ ಕೇಳಲಿಲ್ಲ. ಹಾಗಾಗಿ ಅದು ಗೊತ್ತಿಲ್ಲ.